ಪೊಟ್ಟಣದ ಮೇಲಿನ ಅಂಕಿ

ನನ್ನ ಕಿಡ್ನಿ ನನ್ನ ತಮ್ಮನಿಗೆ ಹೊಂದುತ್ತದೆ ಎಂದು ಗೊತ್ತಾದ ದಿನ ಆಸ್ಪತ್ರೆಯವರು ಒಂದೇ ಒಂದು ತಕರಾರು ತೆಗೆದರು. ನಾನು ದಪ್ಪ. ಎಂಬತ್ತನಾಲ್ಕು ಕಿಲೋ ಇದ್ದೆ. ಎಪ್ಪತ್ತೆರಡಕ್ಕೆ ಇಳಿದರೆ ಆಪರೇಷನ್, ಇಳಿಯದಿದ್ದರೆ ಇಲ್ಲ. ನಾಲ್ಕು ತಿಂಗಳ ಆಚೆಗೆ ಒಂದು ದಿನಾಂಕವನ್ನೂ ಗೊತ್ತು ಮಾಡಿದರು. ಅಲ್ಲಿಯವರೆಗೆ ಅವನು ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರಕ್ಕೆ ಅಂಟಿಕೊಂಡು ಬದುಕಬೇಕಿತ್ತು.

ಹೊರಗೆ ಬರುತ್ತಲೇ ತಮ್ಮ ನಗಲು ಶುರು ಮಾಡಿದ. "ಚಿಕ್ಕವನಿದ್ದಾಗಿಂದ ಗುಂಡಕ್ಕ ಗುಂಡಕ್ಕ ಅಂತ ರೇಗಿಸ್ತಿದ್ದೆ. ಈಗ ಅದು ನನ್ನ ಕುತ್ತಿಗೆಗೇ ಬಂತು ನೋಡು."

"ಬಾಯ್ಮುಚ್ಚೋ," ಅಂದೆ. "ಹನ್ನೆರಡು ಕಿಲೋ ತಾನೆ? ತೂಕದ ವಿಷಯ ನನಗೆ ಬಿಡು."

ಅದು ಬರೀ ಜಂಬದ ಮಾತಲ್ಲ. ತೂಕವೇ ನನ್ನ ಕಸುಬು. ಅಳತೆ-ತೂಕದ ಕಚೇರಿಯಲ್ಲಿ ನನಗೆ ಹದಿನೆಂಟು ವರ್ಷದ ಸರ್ವೀಸು. ಹಿತ್ತಾಳೆ ತೂಕಗಳ ಮರದ ಪೆಟ್ಟಿಗೆ ಹೊತ್ತು ಅಂಗಡಿ ಅಂಗಡಿಗೆ ಹೋಗುತ್ತೇನೆ, ತಕ್ಕಡಿಯ ಮೇಲೆ ಒಂದೊಂದೇ ತೂಕ ಇಟ್ಟು ಪರೀಕ್ಷೆ ಮಾಡುತ್ತೇನೆ, ಸರಿಯಿದ್ದರೆ ಸೀಸದ ಮುದ್ರೆ ಒತ್ತುತ್ತೇನೆ, ಐದು ಗ್ರಾಂ ತಪ್ಪಿದರೂ ತಕ್ಕಡಿಯನ್ನೇ ಜಪ್ತಿ ಮಾಡುತ್ತೇನೆ. ಅಂಗಡಿಯವರು "ಕಣ್ಣಂದಾಜಿಗೆ ಸರಿ ಇದೆ ಮೇಡಂ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಣ್ಣಿಗೇನು ಗೊತ್ತು? ಕಣ್ಣು ಬೇಕಾದ ಹಾಗೆ ಸುಳ್ಳು ಹೇಳುತ್ತದೆ, ಅಂಕಿ ಹೇಳುವುದಿಲ್ಲ. ನನ್ನ ಪಾಲಿಗೆ ಇದೇ ವೇದವಾಗಿತ್ತು, ಇದೇ ನನ್ನ ಮನೆ ಹಾಳು ಮಾಡಿತು.

ತಮ್ಮನದು ಸರಿಯಾಗಿ ಇದರ ಉಲ್ಟಾ. ಅವನು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಆರುನೂರು ಜನರ ಅಡುಗೆಗೆ ಅಂಗೈಯಲ್ಲಿ ಉಪ್ಪು ತೂಗಿ ಹಾಕುತ್ತಿದ್ದ. ಒಂದು ದಿನವೂ ಹೆಚ್ಚು ಕಮ್ಮಿ ಆದದ್ದಿಲ್ಲ. ನಾನೇ ಒಮ್ಮೆ ಕದ್ದು ಅವನ ಹಿಡಿ ಉಪ್ಪನ್ನು ತೂಕ ಮಾಡಿ ನೋಡಿದ್ದೆ. ಮೂರು ಸಲವೂ ಒಂದೇ ತೂಕ ಬಂದಿತ್ತು. ಅವನಿಗೆ ಹೇಳಲಿಲ್ಲ, ತಲೆ ಮೇಲೆ ಕೂರುತ್ತಾನೆಂದು. ಅಪ್ಪ ಅಮ್ಮ ಹೋದ ಮೇಲೆ ನಮಗಿಬ್ಬರಿಗೆ ನಾವಿಬ್ಬರೇ. ಕಿಡ್ನಿ ಕೈಕೊಟ್ಟ ಮೇಲೆ ಅವನು ಕೆಲಸ ಬಿಟ್ಟು ಮನೆಯಲ್ಲಿದ್ದ.

ಆಸ್ಪತ್ರೆಯಲ್ಲಿ ಊಟದ ವಿಚಾರ ಹೇಳಲು ಒಬ್ಬಾಕೆ ಇದ್ದಳು. ತೆಳ್ಳಗೆ, ನಗುಮುಖದವಳು. ಪೊಟ್ಟಣದ ತಿಂಡಿ ಬಿಡಿ, ಸೊಪ್ಪು, ಕಾಳು, ಮೊಟ್ಟೆ, ಹಣ್ಣು ತಿನ್ನಿ, ತೂಕ ತಾನಾಗಿಯೇ ಇಳಿಯುತ್ತೆ ಅಂದಳು.

"ಕಾಳು ಎಷ್ಟು?" ಎಂದು ಕೇಳಿದೆ.

"ಒಂದು ಮುಷ್ಟಿ."

"ಯಾರ ಮುಷ್ಟಿ?"

ಆಕೆ ನಕ್ಕಳು. ನಾನು ನಗಲಿಲ್ಲ. ಮುಷ್ಟಿ ಒಂದು ಅಳತೆಯೇ? ನನ್ನ ತಮ್ಮನ ಜೀವ ನಿಂತಿರುವುದು ತೂಕದ ಮೇಲೆ, ಇವಳು ಮುಷ್ಟಿ ಲೆಕ್ಕ ಹೇಳುತ್ತಾಳೆ! ಅವಳು ಕೊಟ್ಟ ಚೀಟಿಯನ್ನು ಮಡಚಿ ಚೀಲಕ್ಕೆ ತುರುಕಿದೆ. ಆಮೇಲೆ ಅದನ್ನು ಬಿಡಿಸಿ ನೋಡಲಿಲ್ಲ.

ನಾನು ಹಿಡಿದದ್ದು ಕ್ಯಾಲೊರಿ ಲೆಕ್ಕ. ದಿನಕ್ಕೆ ಸಾವಿರದ ನೂರು, ಒಂದು ಹೆಚ್ಚಿಲ್ಲ. ಮೊದಲ ವಾರ ತಮ್ಮ ಮಾಡಿದ್ದನ್ನೇ ತೂಗಿ ತಿನ್ನಲು ನೋಡಿದೆ. ಆಗಲಿಲ್ಲ. ಬೇಯುವಾಗ ಎಷ್ಟು ನೀರು ಹೋಯಿತು, ಎಣ್ಣೆ ಬಾಣಲೆಯಲ್ಲಿ ಎಷ್ಟು ಉಳಿಯಿತು, ನನ್ನ ತಟ್ಟೆಗೆ ಎಷ್ಟು ಬಂತು, ಯಾರಿಗೆ ಗೊತ್ತು? ಅವನನ್ನು ಕೇಳಿದರೆ "ಸ್ವಲ್ಪ" ಅನ್ನುತ್ತಿದ್ದ. ಬಿಸ್ಕೆಟ್ ಪೊಟ್ಟಣದ ಮೇಲೆ ಹಾಗಲ್ಲ. ಒಂದಕ್ಕೆ ನಲವತ್ತೆಂಟು ಎಂದು ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಬಟ್ಟಲು ನೂಡಲ್ಸಿಗೆ ಇನ್ನೂರ ತೊಂಬತ್ತು. ಸಕ್ಕರೆ ಹಾಕದ ತಂಪು ಪಾನೀಯಕ್ಕೆ ಸೊನ್ನೆ. ಅಂಕಿ ಇದ್ದದ್ದನ್ನು ತಿಂದೆ, ಇಲ್ಲದ್ದನ್ನು ದೂರ ಇಟ್ಟೆ. ಹೀಗೆ ನಾನು ಪೂರಾ ಪೊಟ್ಟಣದವಳಾದೆ.

ಡಯಾಲಿಸಿಸ್ ಇಲ್ಲದ ದಿನ ತಮ್ಮ ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತೇ ಅಡುಗೆ ಮಾಡುತ್ತಿದ್ದ. ತನಗೆ ಬೇರೆ, ನನಗೆ ಬೇರೆ. ಅವನದು ಬೇಯಿಸಿ ನೀರು ಬಸಿದ, ಉಪ್ಪಿಲ್ಲದ ಸಪ್ಪೆ. ನನಗೆ ಮಾತ್ರ ಬೆಳ್ಳುಳ್ಳಿ ಹಾಕಿದ ಸೊಪ್ಪು, ಮೊಳಕೆ ಕಾಳು, ಮೇಲೆ ನಿಂಬೆಹಣ್ಣು. ತಾನು ರುಚಿ ನೋಡುವಂತಿಲ್ಲ. ಮೂಗಿನಲ್ಲೇ ಉಪ್ಪು ನೋಡುತ್ತೇನೆ ಅನ್ನುತ್ತಿದ್ದ.

"ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲಕ್ಕ, ಆ ಗಾದೆ ಮಾಡಿದವನು ಸಿಕ್ಕಿದ್ರೆ ನನ್ನ ತೋರಿಸ್ಬೇಕು," ಅಂತ ನಗುತ್ತಾ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದ. "ಎರಡೇ ತುತ್ತು ತಿನ್ನು. ಬಿಸ್ಕೆಟ್ ತಿಂದು ತಿಂದು ನಿನ್ನ ಮುಖ ಸುಣ್ಣದ ಗೋಡೆ ಆಗಿದೆ."

"ಎಷ್ಟು ಕ್ಯಾಲೊರಿ ಹೇಳು, ತಿಂತೀನಿ."

"ಸೊಪ್ಪಿಗೆ ಎಂಥ ಕ್ಯಾಲೊರಿ ಮಾರಾಯ್ತಿ?"

"ಎಣ್ಣೆ ಹಾಕಿದ್ದೀಯಲ್ಲ."

"ಸ್ವಲ್ಪ."

"ಹಾಗಾದ್ರೆ ಬೇಡ."

ಒಂದು ದಿನ ತಾಳ್ಮೆ ತಪ್ಪಿ, "ಇದೆಲ್ಲ ಯಾರಿಗಾಗಿ ಮಾಡ್ತಿದ್ದೀನಿ ಅಂತ ನೆನಪಿದೆಯಾ?" ಎಂದು ಕೂಗಾಡಿಬಿಟ್ಟೆ. ಅವನು ಸ್ಟೂಲಿನಿಂದ ಮೆಲ್ಲಗೆ ಎದ್ದು ಆ ತಟ್ಟೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದ. ನನಗೆ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ದಿನವೂ ಮಾಡುತ್ತಿದ್ದ, ದಿನವೂ ನಾನು ಬೇಡ ಅನ್ನುತ್ತಿದ್ದೆ, ದಿನವೂ ಅದು ಪಕ್ಕದ ಮನೆಗೆ ಹೋಗುತ್ತಿತ್ತು.

ಮೂರನೆಯ ತಿಂಗಳಲ್ಲಿ ನನಗೆ ಐಸ್ ತಿನ್ನುವ ಹುಚ್ಚು ಹತ್ತಿತು. ಕಚೇರಿಯಲ್ಲಿ ಕೂತರೂ ಮನಸ್ಸೆಲ್ಲ ಐಸಿನ ಮೇಲೆ. ಅದಕ್ಕೆ ಕ್ಯಾಲೊರಿ ಸೊನ್ನೆ, ನನ್ನ ಅದೃಷ್ಟವೇ ಅಂದುಕೊಂಡೆ. ತಮ್ಮನಿಗೆ ನೀರು ಅಳೆದು ಕುಡಿಯಬೇಕಾದ ಕಟ್ಟು. ಬಾಯಾರಿಕೆ ತಡೆಯದಾದಾಗ ಅವನೂ ಒಂದು ಐಸ್ ಚೂರು ಬಾಯಲ್ಲಿಟ್ಟುಕೊಳ್ಳುತ್ತಿದ್ದ. ಸಂಜೆ ಹೊತ್ತು ಇಬ್ಬರೂ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅವನು ಚೀಪುತ್ತಾ, ನಾನು ಕಟಕಟ ಕಡಿಯುತ್ತಾ, ಆಪರೇಷನ್ ಆದ ಮೇಲೆ ಏನೇನು ಮಾಡಬೇಕೆಂದು ಮಾತಾಡುತ್ತಿದ್ದೆವು. ಅವನಿಗೆ ಒಂದು ಚೊಂಬು ನೀರನ್ನು ಗಟಗಟ ಒಂದೇ ಉಸಿರಿಗೆ ಕುಡಿಯಬೇಕಿತ್ತು. ಅಷ್ಟೇ ಅವನ ಆಸೆ.

ಕೂದಲು ಹಿಡಿ ಹಿಡಿ ಉದುರುತ್ತಿತ್ತು. ತೂಕದ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ತೂಕ ಇಳಿಯುವಾಗ ಇದೆಲ್ಲ ಇದ್ದದ್ದೇ ಎಂದು ಹಲ್ಲು ಕಚ್ಚಿ ತಡೆದೆ. ಅಂಕಿ ಇಳಿಯುತ್ತಿತ್ತಲ್ಲ. ಎಪ್ಪತ್ತೊಂಬತ್ತು, ಎಪ್ಪತ್ತಾರು, ಎಪ್ಪತ್ಮೂರು. ಗೊತ್ತು ಮಾಡಿದ ದಿನಕ್ಕೆ ಒಂದು ವಾರ ಮೊದಲೇ ಎಪ್ಪತ್ತೊಂದೂ ಮುಕ್ಕಾಲು. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತು ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ.

ಮಾರನೆಯ ದಿನ ರಕ್ತದ ವರದಿ ಬಂತು. ದಾನ ಕೊಡುವವರನ್ನು ನೋಡಿಕೊಳ್ಳುವ ನರ್ಸಮ್ಮ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನನ್ನ ಹಿಮೋಗ್ಲೋಬಿನ್ ಕನಿಷ್ಠ ಹನ್ನೆರಡಾದರೂ ಇರಬೇಕಿತ್ತು. ಇದ್ದದ್ದು ಎಂಟೂವರೆ.

"ಏನು ತಿಂತಿದ್ರಿ?" ಎಂದು ಕೇಳಿದರು. ಹೇಳಿದೆ. ಅವರು ವರದಿಯನ್ನು ನನ್ನ ಕಡೆ ತಿರುಗಿಸಿದರು. "ಐಸ್ ತಿನ್ಬೇಕು ಅನ್ಸೋದೇ ರಕ್ತ ಕಡಿಮೆ ಆಗಿರೋದಕ್ಕೆ ಅಮ್ಮಾ. ಹಸಿವಿಗೆ ಅಂಕಿ ಕೊಟ್ರಿ, ಮೈಗೆ ಏನೂ ಕೊಡ್ಲಿಲ್ಲ. ಈ ಸ್ಥಿತೀಲಿ ನಿಮ್ಮನ್ನ ಮೇಜಿನ ಮೇಲೆ ಮಲಗಿಸೋಕಾಗಲ್ಲ. ಚೆನ್ನಾಗಿ ಊಟ ಮಾಡಿ, ಮಾತ್ರೆ ತಗೊಳ್ಳಿ. ಎಂಟು ವಾರ ಬಿಟ್ಟು ಮತ್ತೆ ನೋಡೋಣ."

ಎಂಟು ವಾರ! ಅವರ ಕಾಲು ಹಿಡಿದುಕೊಳ್ಳುವುದೊಂದು ಬಾಕಿ. ಆಗುವುದಿಲ್ಲ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಮಾತು ನನಗಾಗಿಯೇ ಹುಟ್ಟಿದ್ದಿರಬೇಕು.

ಮನೆಗೆ ಬಂದು ತಮ್ಮನಿಗೆ ಸುಳ್ಳು ಹೇಳಿದೆ. ದೊಡ್ಡ ಡಾಕ್ಟರು ರಜೆ ಹಾಕಿದ್ದಾರಂತೆ, ಎರಡು ತಿಂಗಳು ಮುಂದಕ್ಕೆ ಹೋಯಿತು ಅಂದೆ. ಅವನು ಡಾಕ್ಟರನ್ನು ಮನಸಾರೆ ಬೈದ. ಆಮೇಲೆ ಎದ್ದು ಒಲೆ ಹಚ್ಚಿದ.

ಅಂದು ನಾನೇ ತಟ್ಟೆ ಹಿಡಿದು ಕೂತೆ. ಅವನು ಏನೂ ಕೇಳಲಿಲ್ಲ, ಬಡಿಸಿದ. ಸೊಪ್ಪು, ಕಾಳು, ಎರಡು ಮೊಟ್ಟೆ. ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬಂತು, ಅಷ್ಟು ರುಚಿ. ನಾಲ್ಕು ತಿಂಗಳು ಇದನ್ನು ಪಕ್ಕದ ಮನೆಯವರು ತಿಂದಿದ್ದರು. ಆಮೇಲಿನ ಆರು ವಾರ ಅವನು ಮಾಡಿದ್ದನ್ನೆಲ್ಲ ತಿಂದೆ, ಕೇಳಿ ಹಾಕಿಸಿಕೊಂಡು ತಿಂದೆ. ಮುಖಕ್ಕೆ ಬಣ್ಣ ಬಂತು. ಐಸಿನ ಹುಚ್ಚು ಹೋಯಿತು. ತಮಾಷೆಯೆಂದರೆ ತೂಕ ಮೇಲೇರಲಿಲ್ಲ, ಇನ್ನೊಂದು ಕಿಲೋ ಇಳಿಯಿತು.

ಏಳನೆಯ ವಾರ ತಮ್ಮನಿಗೆ ಚಳಿಜ್ವರ ಬಂತು. ಡಯಾಲಿಸಿಸ್‌ಗೆಂದು ಕತ್ತಿನ ಹತ್ತಿರ ಹಾಕಿದ್ದ ನಳಿಗೆಯಿಂದ ಸೋಂಕು ರಕ್ತಕ್ಕೆ ಇಳಿದಿತ್ತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಮಧ್ಯಾಹ್ನ ಅವನಿಗೆ ಸ್ವಲ್ಪ ಎಚ್ಚರ ಚೆನ್ನಾಗಿತ್ತು. ನನ್ನ ಕೈಯನ್ನು ಎಳೆದು ಉಗುರು ನೋಡಿದ.

"ಕೆಂಪಗಾಗಿದೆ," ಅಂದ. "ಎಂಟೂವರೆ ಇದ್ದದ್ದು ಈಗ ಎಷ್ಟಿರಬಹುದು?"

ಕೈ ಹಿಂದಕ್ಕೆ ಎಳೆದುಕೊಂಡೆ. "ನಿಂಗೆ ಗೊತ್ತಿತ್ತೇನೋ?"

"ಮಾರನೇ ದಿನವೇ ಗೊತ್ತಾಯ್ತು. ಡಯಾಲಿಸಿಸ್‌ಗೆ ಹೋದಾಗ ನರ್ಸಮ್ಮನ್ನ ಕೇಳ್ದೆ. ಡಾಕ್ಟ್ರು ನನ್ನೆದುರೇ ಓಡಾಡ್ತಿದ್ರು, ನೀನು ರಜೆ ಅಂದೆ!" ನಗಲು ಹೋಗಿ ಕೆಮ್ಮಿದ.

"ಮತ್ಯಾಕೋ ಬಾಯಿ ಬಿಡ್ಲಿಲ್ಲ? ಎರಡು ಬೈದಿದ್ರೂ ಆಗಿತ್ತಲ್ಲೋ."

"ಬೈದಿದ್ರೆ ನೀನು ಅಳ್ತಾ ತಿಂತಿದ್ದೆ. ಅತ್ಕೊಂಡು ತಿಂದ್ರೆ ಮೈಗೆ ಹತ್ತಲ್ಲ ಕಣಕ್ಕ."

ಐದನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನು ಹೋದ. ಮೊದಲು ಗೊತ್ತು ಮಾಡಿದ್ದ ದಿನವೇ ಆಪರೇಷನ್ ಆಗಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಹೇಳೋಕಾಗಲ್ಲಮ್ಮ ಅಂದರು. ಒಳ್ಳೆಯವರು. ಹೇಳಲಾಗದ್ದು ಏನೂ ಇರಲಿಲ್ಲ. ಆ ದಿನವೇ ಆಗಿದ್ದರೆ ಕತ್ತಿನಲ್ಲಿ ನಳಿಗೆಯೇ ಇರುತ್ತಿರಲಿಲ್ಲ. ನನ್ನ ತಮ್ಮನನ್ನು ನನ್ನ ಹಠವೇ ತಿಂದಿತು, ಇದನ್ನು ನಾನು ಯಾರ ಹತ್ತಿರವೂ ಸುತ್ತಿ ಬಳಸಿ ಹೇಳುವುದಿಲ್ಲ.

ಅವನು ಹೋದ ಹತ್ತನೆಯ ದಿನ ನನ್ನ ಎಂಟು ವಾರ ಮುಗಿದಿತ್ತು. ಯಾಕೆ ಹೋದೆನೋ ಗೊತ್ತಿಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಪರೀಕ್ಷೆಯ ಕೋಣೆಯಲ್ಲಿ ತೋಳು ಚಾಚಿದೆ. ಅಲ್ಲಿನ ಹುಡುಗಿಗೆ ವಿಷಯ ತಿಳಿದಿರಲಿಲ್ಲ. ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಹಳೆಯ ಟಿಪ್ಪಣಿ ಹಾಗೇ ಇತ್ತು: ತಮ್ಮನಿಗೆ ಕಿಡ್ನಿ ದಾನ, ಮರುಪರೀಕ್ಷೆ. ಅರ್ಧ ಗಂಟೆಯಲ್ಲಿ ಅವಳು ಕಾಗದ ಹಿಡಿದು ಓಡಿಬಂದಳು.

"ಹನ್ನೆರಡು ಪಾಯಿಂಟ್ ನಾಲ್ಕು ಮೇಡಂ! ಎಂಟು ವಾರದಲ್ಲಿ ಇಷ್ಟು ಏರಿದ್ದು ನಾನು ನೋಡೇ ಇಲ್ಲ. ಏನು ತಿಂದ್ರಿ?"

"ನನ್ನ ತಮ್ಮ ಅಡುಗೆ ಚೆನ್ನಾಗಿ ಮಾಡ್ತಾನೆ," ಅಂದೆ.

"ಮೊದ್ಲು ಅವರಿಗೆ ಫೋನ್ ಮಾಡಿ, ಕಾಯ್ತಾ ಇರ್ತಾರೆ," ಅಂದು ಅವಳು ಅಲ್ಲೇ ನಿಂತಳು. ನನ್ನ ಖುಷಿ ನೋಡಲು ಪಾಪ, ಕಣ್ಣರಳಿಸಿಕೊಂಡು ನಿಂತಿದ್ದಳು.

ನಾನು ಅವನ ನಂಬರ್ ಒತ್ತಿ ಕಿವಿಗಿಟ್ಟುಕೊಂಡೆ. ನೀವು ಕರೆ ಮಾಡಿದವರ ಫೋನ್ ಆಫ್ ಆಗಿದೆ ಎಂದು ಒಂದು ಹೆಣ್ಣುದನಿ ಹೇಳಿತು, ಇನ್ನೊಮ್ಮೆ ಹೇಳಿತು, ನಿಂತಿತು.

"ಲೋ," ಅಂದೆ. "ಹನ್ನೆರಡು ದಾಟಿದೆ ಕಣೋ. ಆಪರೇಷನ್‌ಗೆ ಇನ್ನೇನೂ ಅಡ್ಡಿ ಇಲ್ವಂತೆ."