ಮೀಸೆ ಪಣಕ್ಕಿಟ್ಟ ಗೊಬ್ಬರ

ನಮ್ಮನೆಯವರಿಗೆ ಹುಚ್ಚು ಹಿಡಿದರೆ ಅರ್ಧಂಬರ್ಧ ಹಿಡಿಯುವುದಿಲ್ಲ. ಡಿಎಪಿ ಗೊಬ್ಬರ ಸಿಗದೆ ಜಗಳೂರಿನಿಂದ ಬರಿಗೈಲಿ ಬಂದ ದಿನವೇ, ತಿಮ್ಮೇಶ್ ಎಂಬ ಈ ಮಹಾನುಭಾವರು ಬಿಳಿಚೋಡಿನ ನಮ್ಮ ಬೀದಿಯಲ್ಲಿ ನಿಂತು ಸಾರಿದರು: "ಡಿಎಪಿ ಆಗೋದೂ ಕಲ್ಲಿಂದಾನೇ. ನಾನೇ ಗೊಬ್ಬರ ಮಾಡ್ತೀನಿ. ಬೆಳೆ ಏಳದಿದ್ರೆ ಮೀಸೆ ಬೋಳಿಸ್ತೀನಿ."

ಆ ಮೀಸೆ ಸಾಮಾನ್ಯದ್ದಲ್ಲ. ಕೊಬ್ಬರಿ ಎಣ್ಣೆ ಅದಕ್ಕೆ ಹಚ್ಚಿ ಉಳಿದರೆ ಮಾತ್ರ ನನ್ನ ತಲೆಗೆ. ನನಗೂ ಆ ಮೀಸೆ ಇಷ್ಟವೇ, ಸುಳ್ಳೇಕೆ ಹೇಳಲಿ.

ರಂಜಕದ ಕಲ್ಲನ್ನು ನುಣ್ಣಗೆ ಬೀಸಿದ ಪುಡಿ ಮೂಟೆಗಟ್ಟಲೆ ಬಂತು. ಅದನ್ನು ಹಾಗೇ ಮೆಕ್ಕೆಜೋಳದ ಹೊಲಕ್ಕೆ ಎರಚಿದರು.

"ಕಲ್ಲು ನೆಲದಾಗೆ ಕರಗ್ತೈತೇನ್ರೀ?" ಎಂದು ಕೇಳಿದೆ.

"ಕರಗದೆ ಏನ್ ಮಾಡ್ತೈತೆ, ಸುಮ್ನಿರು" ಎಂದರು.

ಕಲ್ಲು ಕಲ್ಲಾಗಿಯೇ ಉಳಿಯಿತು. ಪೈರು ಮೊಣಕಾಲೆತ್ತರಕ್ಕೆ ನಿಂತು, ಎಲೆಯಂಚು ನೇರಳೆ ಬಣ್ಣಕ್ಕೆ ತಿರುಗಿತು. "ತಿಮ್ಮೇಶಣ್ಣ, ಮಂಗಳವಾರ ಕಟಿಂಗ್ ಶಾಪ್ ರಜೆ ಐತೆ, ನೋಡ್ಕೊಂಡು ಹೋಗು" ಎಂದು ಬೀದಿಯವರು ಕಾಲೆಳೆದರು. ಇವರು ಟವೆಲಿನಲ್ಲಿ ಮುಖ ಸುತ್ತಿಕೊಂಡು ಓಡಾಡತೊಡಗಿದರು. ನನಗೆ ಪಾಪ ಅನಿಸಿತು.

ಅಷ್ಟರಲ್ಲಿ ನಲ್ಲೂರಿನಿಂದ ನಾದಿನಿಯ ಗಂಡ ಉಚ್ಚಂಗೆಪ್ಪ ಬಂದರು. ಮೀಸೆ ಹೋಗುವುದನ್ನು ಕಣ್ಣಾರೆ ನೋಡಲೆಂದೇ ಬಂದದ್ದು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಕೋಳಿಗೆ ಹಾಕಿದ್ದ ಮೆಕ್ಕೆಜೋಳದ ಕಾಳು, ಪಾತ್ರೆ ತೊಳೆಯುವ ಜಾಗದ ಮೋರಿ ಪಕ್ಕ ಮೊಳೆತು ಸೂರು ಮುಟ್ಟುವಂತೆ ಬೆಳೆದಿತ್ತು. ಒಂದೊಂದು ತೆನೆಯೂ ತೋಳಿನಷ್ಟು ದಪ್ಪ.

"ಇದಕ್ಕೇನ್ ಹಾಕೀರಿ, ಅತ್ತೆ?"

ನಮ್ಮತ್ತೆ ಸುಂಕಲಮ್ಮ ನಾಚಿಕೊಂಡರು. "ಏನೂ ಇಲ್ಲ ಬಿಡ್ರಿ. ಇವನ ಕಲ್ಲುಪುಡೀಲಿ ತಿಕ್ಕಿದ್ರೆ ಪಾತ್ರೆ ಫಳಫಳ ಅಂತಾವೆ. ಹುಣಸೆಹುಳೀಲಿ ಕಲಸಿಟ್ಟು ತಿಕ್ತೀನಿ. ಆ ನೀರು ಹಂಗೇ ಹೋಗ್ತೈತೆ."

"ಹುಳಿ ಬಿದ್ದು ಕಲ್ಲು ಕರಗೈತೆ" ಎಂದರು ಉಚ್ಚಂಗೆಪ್ಪ. "ಫ್ಯಾಕ್ಟರಿಯೋರೂ ಆಸಿಡ್ ಹಾಕೇ ಕರಗಿಸೋದು."

ನಮ್ಮನೆಯವರು ಟವೆಲ್ ಕಿತ್ತೆಸೆದರು. "ಕಲ್ಲು ನಂದು. ಬೆಳೆ ಎದ್ದೈತೆ. ಮೀಸೆ ಉಳೀತು."

"ಗೊಬ್ಬರ ಮಾಡಿದ್ದು ನಾನು" ಎಂದರು ಅತ್ತೆ, ಪಾತ್ರೆ ತಿಕ್ಕುವ ತೆಂಗಿನ ನಾರನ್ನು ಮಗನ ಕೈಗಿಡುತ್ತ. "ಮೀಸೆ ಬೇಕಂದ್ರೆ ನೀನೂ ಮಾಡು. ಕೂತ್ಕೋ."

ಮೀಸೆ ಉಳಿಯಿತು. ಆದರೆ ಹೊಲಕ್ಕಾಗುವಷ್ಟು ಗೊಬ್ಬರ ಬೇಕಲ್ಲ, ಹಾಗಾಗಿ ಬೀದಿಯ ಹೆಂಗಸರೆಲ್ಲ ಮುಸುರೆ ಪಾತ್ರೆಗಳನ್ನು ನಮ್ಮ ಹಿತ್ತಲಿಗೇ ತಂದಿಡುತ್ತಾರೆ. ಮೀಸೆ ತಿರುವಲು ಇವರಿಗೆ ಈಗ ಕೈ ಬಿಡುವೇ ಇಲ್ಲ.