ಮೇಲೆ ನಂ, ಕೆಳಗೆ ತೇ

ನಾಚಿಕೆಗೂ ಒಂದು ಮಿತಿ ಇರುತ್ತದೆ, ನಾಚಿಕೆಗೆಟ್ಟತನಕ್ಕೆ ಮಾತ್ರ ಇರುವುದಿಲ್ಲ ಎಂದು ತೇಜಸ್ವಿನಿಗೆ ಗೊತ್ತಾಗಿದ್ದು ಆ ಬುಧವಾರ ಬೆಳಿಗ್ಗೆ. ಓಟದ ಹುಡುಗಿ ಸಿಂಚನ ಕಾಲು ಮುರಿದುಕೊಂಡು ಇನ್ನೂ ನಾಲ್ಕು ದಿನ ಆಗಿರಲಿಲ್ಲ. ಆಗಲೇ ಬನ್ನಿಮಂಟಪದ ಕ್ರೀಡಾ ಅಕಾಡೆಮಿಯ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿತ್ತು: 'ಹಿರಿಯ ಟ್ರೈನರ್ ಶ್ರೀ ನಂಜುಂಡಸ್ವಾಮಿ ಅವರ ನಿರ್ಲಕ್ಷ್ಯದಿಂದ ನಡೆದ ಅವಘಡದ ಬಗ್ಗೆ ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ.'

ವಿಚಾರಣೆ ಇನ್ನೂ ನಡೆದಿಲ್ಲ, ನಿರ್ಲಕ್ಷ್ಯ ಯಾರದೆಂದು ಆಗಲೇ ತೀರ್ಮಾನವಾಗಿದೆ! ಕಾಗದದ ಪಕ್ಕದಲ್ಲೇ ಒಂದು ಫೋಟೊ. ಸಿಂಚನಳ ಎಡಗಾಲು, ಮೊಣಕಾಲಿನ ಕೆಳಗೆ ಸುತ್ತಿದ ಬಿಳಿ ಟೇಪು, ಟೇಪಿನ ತುದಿಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ 'ನಂ' ಎಂಬ ಅಕ್ಷರ. ಆ ಅಕ್ಷರದ ಬುಡಕ್ಕೆ ಸರಿಯಾಗಿ ಫೋಟೊವನ್ನು ಕತ್ತರಿಸಿದ್ದರು. ಅದರ ಕೆಳಗೆ ಇನ್ನೊಂದು ಅಕ್ಷರ ಇತ್ತು. ಅದು 'ತೇ'. ಬರೆದವಳು ತೇಜಸ್ವಿನಿ. ಮೇಲಿನ 'ನಂ' ಬರೆದವಳೂ ಅವಳೇ.

ಇದು ಅರ್ಥವಾಗಬೇಕಾದರೆ ಅವರ ಕೆಲಸದ ಒಂದು ಪದ್ಧತಿ ಗೊತ್ತಿರಬೇಕು. ಓಡಿಸುವವರು ಕೋಚ್, ಓಡುವ ಕಾಲನ್ನು ಕಾಯುವವರು ಟ್ರೈನರ್. ನಂಜುಂಡಸ್ವಾಮಿ ಮೂವತ್ತೊಂದು ವರ್ಷಗಳಿಂದ ಕಾಲು ಕಾಯುತ್ತಿದ್ದರು. ಗರಡಿ ಮನೆಯಲ್ಲಿ ಪೈಲ್ವಾನರ ಮೈ ತೀಡುತ್ತ ಶುರುಮಾಡಿ, ಆಮೇಲೆ ಓದಿ, ಪರೀಕ್ಷೆ ಕಟ್ಟಿ ಪಾಸಾಗಿ ಬಂದವರು. ಚಾಮರಾಜಪುರಂನ ತೇಜಸ್ವಿನಿ ಫಿಸಿಯೋಥೆರಪಿ ಡಿಗ್ರಿ ಹಿಡಿದು ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಅವರು ಆ ಡಿಗ್ರಿಯನ್ನು ಭಕ್ತಿಯಿಂದಲೇ ನೋಡಿ, ವಾಪಸ್ ಕೊಟ್ಟು, "ಸರಿ ಕಣಮ್ಮ, ಈಗ ಟೇಪು ಹರಿಯೋದು ಕಲಿ" ಅಂದಿದ್ದರು. ಒಂದು ತಿಂಗಳು ಅವಳು ಬರೀ ಟೇಪು ಹರಿದಳು. ಎರಡನೇ ತಿಂಗಳು ಮೇಜಿನ ಕಾಲಿಗೆ ಕಟ್ಟಿದಳು. ಮೂರನೇ ತಿಂಗಳು ಜೊತೆಗಾರ ಅಭಿಲಾಷ್ ತನ್ನ ಕಾಲನ್ನೇ ದಾನ ಕೊಟ್ಟ. ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಅವನ ಕಣಕಾಲಿನ ಮೇಲೆ ಒಂದು ಕೂದಲೂ ಉಳಿಯಲಿಲ್ಲ. "ಮದುವೆಗೆ ಮುಂಚೆ ನನ್ನ ಕಾಲು ಹೆಣ್ಣುಮಕ್ಕಳ ಕಾಲು ಆಗೋಯ್ತು ಮೇಷ್ಟ್ರೇ" ಎಂದು ಅವನು ಗೋಳಾಡಿದರೆ ಮೂವರೂ ಬೈಟು ಕಾಫಿ ಮೂರು ಮಾಡಿಕೊಂಡು ಕುಡಿಯುತ್ತ ನಗುತ್ತಿದ್ದರು.

ನಾಲ್ಕನೇ ತಿಂಗಳು ಮೇಷ್ಟ್ರು ಅವಳ ಕೈಗೆ ಪೆನ್ನು ಕೊಟ್ಟರು. "ಕಟ್ಟಿದವರ ಅಕ್ಷರ ಕಟ್ಟಿನ ಮೇಲೆ ಇರ್ಬೇಕು. ಆ ಕಾಲಿಗೆ ಏನಾದ್ರೂ ಆದ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಬೇಕಲ್ಲ. ಕಲಿಯೋರ ಅಕ್ಷರ ಕೆಳಗೆ, ಕಲಿಸಿದೋರದ್ದು ಮೇಲೆ. ಎರಡೂ ನೀನೇ ಬರಿ. ನಿನ್ನ ಕೈ ತಪ್ಪಿದ್ರೆ ಬೈಸ್ಕೊಳ್ಳೋನು ನಾನು."

"ನಾನೊಬ್ಬಳೇ ಬರೆಯೋದು ಯಾವಾಗ ಮೇಷ್ಟ್ರೇ?"

"ನಾನು ಹೇಳಿದಾಗ."

ಇಂಥ ಮನುಷ್ಯನ ತಲೆಯ ಮೇಲೆ ಗೂಬೆ ಕೂರಿಸಲು ಹೊರಟಿದ್ದರು ಅಕಾಡೆಮಿಯ ನಿರ್ದೇಶಕ ವೃಷಭೇಂದ್ರಪ್ಪ. ನಡೆದಿದ್ದು ಇಷ್ಟು. ಕ್ರೀಡಾಕೂಟಕ್ಕೆ ಇನ್ನೂ ಮೂರು ವಾರ ಇರುವಾಗ, ನಾನೂರು ಮೀಟರ್ ಓಡುವ ಹಿನಕಲ್‌ನ ಹದಿನೇಳರ ಹುಡುಗಿ ಸಿಂಚನ ಎಡಗಾಲಿನ ಮೂಳೆ ನೋಯುತ್ತದೆ ಅಂದಳು. ಮೇಷ್ಟ್ರು ಹೆಬ್ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತ ಬಂದರು. ಒಂದು ಕಡೆ, ಎಂಟಾಣೆ ಅಗಲದ ಜಾಗದಲ್ಲಿ, ಹುಡುಗಿ ಚೀರಿದಳು. ಒಂಟಿಕಾಲಲ್ಲಿ ಕುಪ್ಪಳಿಸು ಅಂದರು. ಆಗಲಿಲ್ಲ. ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬೇಕು, ಸ್ಕ್ಯಾನ್ ಮಾಡಿಸಲೇಬೇಕು, ಆರು ವಾರ ಓಡುವಂತಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ವೃಷಭೇಂದ್ರಪ್ಪನವರು ಆಗಲೇ ಫ್ಲೆಕ್ಸ್ ಹಾಕಿಸಿಬಿಟ್ಟಿದ್ದರು. ಸರ್ಕಲ್ಲಿಗೊಂದರಂತೆ ಸಿಂಚನಳ ಮುಖ, ಪಕ್ಕದಲ್ಲಿ ಅದರ ಎರಡರಷ್ಟು ಅಗಲದ ಅವರ ಮುಖ. ಓಡುವವಳು ಅವಳೋ ಇವರೋ ಎಂದು ಕೇಳಬೇಕು, ಹಾಗಿತ್ತು. "ಸ್ಕ್ಯಾನು ಕೂಟ ಆದ್ಮೇಲೆ ಮಾಡ್ಸೋಣ" ಅಂದರು. ಮೇಷ್ಟ್ರು ಜಗಳ ಆಡಿದರು. ಅದರ ಫಲವಾಗಿ ಕೂಟದ ದಿನ ಬೆಳಿಗ್ಗೆ ಮೇಷ್ಟ್ರನ್ನು ಚಿಕ್ಕ ಮಕ್ಕಳ ಖೋ ಖೋ ತಂಡದ ಜೊತೆ ಮಂಡ್ಯದ ಬಸ್ಸು ಹತ್ತಿಸಲಾಯಿತು.

ಮಧ್ಯಾಹ್ನ ಎರಡಕ್ಕೆ ನಿರ್ದೇಶಕರು ತೇಜಸ್ವಿನಿಯ ಮುಂದೆ ನಿಂತರು. "ನಿಮ್ಮ ಮೇಷ್ಟ್ರ ಹತ್ರ ಈಗ ಮಾತಾಡ್ದೆ. ಗಟ್ಟಿಯಾಗಿ ಟೇಪು ಕಟ್ಟಿ ಓಡ್ಸಿ, ಒಂದು ರೇಸಿಗೆ ಏನೂ ಆಗಲ್ಲ ಅಂದ್ರು. ಕಟ್ಟಮ್ಮ ಬೇಗ." ಅವಳು ಫೋನು ಮಾಡಿದಳು. ಒಂದಲ್ಲ, ಐದು ಸಲ. ಮೇಷ್ಟ್ರು ಎತ್ತಲಿಲ್ಲ. ಮಕ್ಕಳ ಕಾಲು ಹಿಡಿದು ಕೂತಾಗ ಮೇಷ್ಟ್ರು ಫೋನನ್ನು ಬ್ಯಾಗಿನ ತಳಕ್ಕೆ ಹಾಕಿಬಿಡುತ್ತಾರೆ, ಅದು ಅವಳಿಗೆ ಗೊತ್ತಿದ್ದದ್ದೇ. ಹಾಗಿದ್ದಮೇಲೆ ಇವರೊಬ್ಬರ ಜೊತೆ ಹೇಗೆ ಮಾತಾಡಿದರು ಎಂಬ ಪ್ರಶ್ನೆ ಆ ಕ್ಷಣ ಅವಳಿಗೆ ಏಕೆ ಹೊಳೆಯಲಿಲ್ಲವೋ! ಮೇಷ್ಟ್ರು ಒಪ್ಪಿದ್ದಾರೆ ಎಂಬ ಒಂದೇ ಮಾತಿಗೆ ಅವಳ ಕೈ ತಾನಾಗಿ ಟೇಪು ಹರಿಯಿತು. ಕಟ್ಟಿದಳು. ಮೇಲೆ ನಂ, ಕೆಳಗೆ ತೇ. ಸಿಂಚನ ಮುನ್ನೂರು ಮೀಟರು ಎಲ್ಲರಿಗಿಂತ ಮುಂದೆ ಓಡಿದಳು, ಆಮೇಲೆ ನೆಲಕ್ಕೆ ಬಿದ್ದಳು. ಮೂಳೆ ಮುರಿದ ಸದ್ದು ಪಕ್ಕದ ಲೇನಿನವಳಿಗೆ ಕೇಳಿಸಿತಂತೆ. ನಿರ್ದೇಶಕರು ಮೇಷ್ಟ್ರ ಜೊತೆ ಮಾತಾಡಿಯೇ ಇರಲಿಲ್ಲವೆಂದು ತೇಜಸ್ವಿನಿಗೆ ಗೊತ್ತಾಗಿದ್ದು ಆ ರಾತ್ರಿ, ಮೇಷ್ಟ್ರು ಮಂಡ್ಯದಿಂದ ಬಂದ ಮೇಲೆ.

ನೋಟಿಸ್ ಬೋರ್ಡಿನಿಂದ ತೇಜಸ್ವಿನಿ ಸೀದಾ ಒಳಗೆ ಹೋದಳು. ಮೇಷ್ಟ್ರು ಟವೆಲ್ಲುಗಳನ್ನು ಮಡಿಸುತ್ತಿದ್ದರು.

"ನೀವು ಊರಲ್ಲೇ ಇರ್ಲಿಲ್ಲ ಅಂತ ಹೇಳಲ್ವಾ ಮೇಷ್ಟ್ರೇ?"

"ಅಕ್ಷರ ನಂದೇ ಅಲ್ವೇನಮ್ಮ."

"ಬರೆದಿದ್ದು ನಾನು!"

"ಬರಿ ಅಂತ ಹೇಳ್ಕೊಟ್ಟಿದ್ದು ನಾನು." ಇನ್ನೊಂದು ಟವೆಲ್ಲು ಕೈಗೆತ್ತಿಕೊಂಡರು. "ನಂಗೆ ಇನ್ನೆಷ್ಟು ವರ್ಷ ಸರ್ವಿಸು ಇದೆ ಹೇಳು. ನೀನು ಈಗ ಶುರುಮಾಡಿದ್ದೀಯ. ಬುಟ್ಬುಡು."

ಅವಳ ಮೈ ಉರಿದುಹೋಯಿತು. ಸುಳ್ಳು ಹೇಳಿದವರ ಮೇಲಿನ ಸಿಟ್ಟು ಒಂದು ಕಡೆ, ಸುಳ್ಳನ್ನು ಹೊತ್ತುಕೊಂಡು ಟವೆಲ್ಲು ಮಡಿಸುವವರ ಮೇಲಿನ ಸಿಟ್ಟು ಇನ್ನೊಂದು ಕಡೆ. "ನಿಮ್ಮ ದೊಡ್ಡತನ ನಿಮ್ಮ ಹತ್ರಾನೇ ಇಟ್ಕೊಳ್ಳಿ ಮೇಷ್ಟ್ರೇ, ನಂಗೆ ಬೇಡ" ಎಂದು ಬಾಗಿಲು ದಡಾರನೆ ಹಾಕಿಕೊಂಡು ಹೋದಳು. ಅವರ ಮುಂದೆ ಹಾಗೆ ಬಾಗಿಲು ಹಾಕಿದ್ದು ಅದೇ ಮೊದಲು.

ಮಾರನೇ ದಿನ ವೃಷಭೇಂದ್ರಪ್ಪನವರು ಕರೆಸಿದರು. ಕುರ್ಚಿ ಕೊಟ್ಟರು, ಬಾದಾಮಿ ಹಾಲು ತರಿಸಿದರು. "ನೋಡು ತೇಜಸ್ವಿನಿ, ನಿನ್ನ ಅಕ್ಷರ ನಾನು ಆಚೆ ತಂದಿಲ್ಲ. ಯಾಕೆ? ಚಿಕ್ಕ ವಯಸ್ಸು, ಒಳ್ಳೇ ಭವಿಷ್ಯ ಇದೆ. ಮೇಷ್ಟ್ರು ಫೋನಲ್ಲಿ ಒಪ್ಪಿದ್ರು ಅಂತ ನಾಳೆ ಒಂದೇ ಒಂದು ಮಾತು ಹೇಳು. ಹಿರಿಯ ಟ್ರೈನರ್ ಜಾಗ ಹೇಗೂ ಖಾಲಿಯಾಗುತ್ತೆ." ಅವಳು ಹಾಲನ್ನು ಮುಟ್ಟಲಿಲ್ಲ. ಎಂಥ ಧೈರ್ಯ ನೋಡಿ! ಮೇಷ್ಟ್ರ ಕತ್ತು ಕುಯ್ಯಲು ಮೇಷ್ಟ್ರೇ ಪಳಗಿಸಿದ ಕೈಯನ್ನು ಕೇಳುತ್ತಿದ್ದರು. ಏನಾದರೂ ಹೇಳಿದರೆ ಅಲ್ಲೇ ಕೂಗಾಡಿಬಿಡುತ್ತೇನೆ ಅನ್ನಿಸಿ ಎದ್ದು ಬಂದಳು. ಅದನ್ನೇ ಅವರು ಒಪ್ಪಿಗೆ ಎಂದು ತಿಳಿದುಕೊಂಡರು.

ಅವಳ ತಲೆಯಲ್ಲಿ ಇದ್ದದ್ದು ಒಂದೇ. ಫೋಟೊ ಕತ್ತರಿಸಬಹುದು, ಟೇಪನ್ನು ಕತ್ತರಿಸಿಲ್ಲವಲ್ಲ. ಆಸ್ಪತ್ರೆಯವರು ಕಾಲಿನಿಂದ ಬಿಡಿಸಿದ್ದನ್ನೆಲ್ಲ ಒಂದು ಕವರಿಗೆ ಹಾಕಿ ಮನೆಯವರಿಗೆ ಕೊಟ್ಟಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಹಿನಕಲ್ ಬಸ್ಸು ಹತ್ತಿದಳು.

ಸಿಂಚನಳ ತಾಯಿ ದೇವಿರಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡಿ ಆಗತಾನೆ ಬಂದಿದ್ದರು. ತೇಜಸ್ವಿನಿಯನ್ನು ಕಂಡವರೇ ಹೊಸಿಲಿಗೆ ಅಡ್ಡ ನಿಂತರು.

"ಯಾಕವ್ವ ಬಂದೆ? ಇನ್ನೊಂದು ಕಾಲೂ ಕಟ್ಟೋಕಾ?"

ತೇಜಸ್ವಿನಿ ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೇ ನಿಂತಳು.

"ಆ ಮೇಷ್ಟ್ರು ಬ್ಯಾಡ ಅಂದಿದ್ರು. ನನ್ನ ಮನೆಗಂಟ ಬಂದು ಹೇಳಿ ಹೋಗಿದ್ರು, ದೇವಿರಮ್ಮೋರೇ ಮಗೀನ ಓಡುಸ್ಬೇಡಿ ಅಂತ. ನಿಮ್ಮ ಡೈರೆಕ್ಟ್ರು ಬಂದು ಎಲ್ಲಾ ಸರಿಹೋಗೈತೆ ಅಂದ. ನಾನು ಓದ್ದೋಳಲ್ಲ, ನಂಬ್ದೆ. ನೀನು ಓದಿದೋಳು. ನಿಂಗೆ ಎಂಗವ್ವ ಮನಸ್ಸು ಬಂತು?"

"ನಾನೂ ನಂಬ್ಬುಟ್ಟೆ ಕಣಮ್ಮ," ಅಂದಳು ತೇಜಸ್ವಿನಿ. ಹಾಗನ್ನುವಾಗ ಅವಳಿಗೆ ತನ್ನ ಡಿಗ್ರಿಯ ಮೇಲೆಯೇ ಅಸಹ್ಯ ಬಂತು. ನಾಳೆ ಮೇಷ್ಟ್ರ ಮೇಲೆ ಅಪವಾದ ಹೊರಿಸುತ್ತಾರೆ, ಟೇಪು ಬೇಕು, ಅದರಲ್ಲಿ ನನ್ನ ಅಕ್ಷರ ಇದೆ ಎಂದು ಒಂದೇ ಉಸಿರಿಗೆ ಹೇಳಿದಳು. ದೇವಿರಮ್ಮ ಹೊಸಿಲಿನಿಂದ ಪಕ್ಕಕ್ಕೆ ಸರಿದರು. ಆಮೇಲೆ ಒಳಗೆ ಹೋಗಿ ಕವರು ತಂದು ಅವಳ ಕೈಯಲ್ಲಿಟ್ಟರು. "ನಿನ್ನ ಕ್ಷಮಿಸ್ದೆ ಅಂದ್ಕೋಬ್ಯಾಡ. ಆವಯ್ಯನ ಮ್ಯಾಲೆ ಸುಳ್ಳು ಹೊರ್ಸಬಾರ್ದು, ಅದ್ಕೆ ಕೊಡ್ತಿವ್ನಿ."

ಮಂಚದ ಮೇಲಿದ್ದ ಸಿಂಚನ ಕತ್ತು ಎತ್ತಿದಳು. ತೊಡೆಯವರೆಗೆ ಪ್ಲಾಸ್ಟರ್. "ಅಕ್ಕಾ, ಟೇಪು ಒಂಚೂರೂ ಜಾರಿರ್ಲಿಲ್ಲ" ಅಂದಳು, ಸಮಾಧಾನ ಮಾಡುವವಳ ಹಾಗೆ. ಬೈಗುಳಕ್ಕೆ ಅಳದ ತೇಜಸ್ವಿನಿ ಆ ಮಾತಿಗೆ ಅತ್ತಳು.

ಶುಕ್ರವಾರ ಹನ್ನೊಂದಕ್ಕೆ ಮೇಜಿನ ಆ ಕಡೆ ವೃಷಭೇಂದ್ರಪ್ಪ ಮತ್ತು ವಿಚಾರಣಾ ಸಮಿತಿಯ ಅಧ್ಯಕ್ಷೆ ಮಂಜುಳಮ್ಮ, ನಿವೃತ್ತ ಪ್ರಾಂಶುಪಾಲೆ. ಈ ಕಡೆ ಮೇಷ್ಟ್ರು, ತೇಜಸ್ವಿನಿ, ಗೋಡೆಗೆ ಒರಗಿ ನಿಂತ ಅಭಿಲಾಷ್. ನಿರ್ದೇಶಕರು ಫೋಟೊ ಮುಂದೆ ತಳ್ಳಿದರು. "ಇದು ನಿಮ್ಮ ಅಕ್ಷರ ತಾನೆ?"

"ಹೌದು," ಅಂದರು ಮೇಷ್ಟ್ರು.

"ಅಲ್ಲ," ಅಂದಳು ತೇಜಸ್ವಿನಿ. ಕವರಿನಿಂದ ಟೇಪನ್ನು ತೆಗೆದು ಫೋಟೊದ ಮೇಲೆಯೇ ಇಟ್ಟಳು. ಬಿದ್ದಾಗ ತರಚಿದ ಗಾಯದ ರಕ್ತ ಒಣಗಿ ಕಂದಾಗಿತ್ತು. ಎರಡೂ ಅಕ್ಷರ ಸ್ಪಷ್ಟವಾಗಿದ್ದವು. "ಕೆಳಗಿರೋದನ್ನ ಯಾಕೆ ಕತ್ತರಿಸಿದ್ರಿ ಸರ್? ಎರಡೂ ಬರೆದಿದ್ದು ನಾನು. ಮೇಷ್ಟ್ರು ಅವತ್ತು ಮಂಡ್ಯದಲ್ಲಿದ್ರು. ಕಳಿಸಿದ್ದು ನೀವು."

"ತೇಜಸ್ವಿನಿ, ನಿನ್ನೆ ಮಾತಾಡಿದ್ದು ಏನು, ಇವತ್ತು ಹೇಳ್ತಿರೋದು ಏನು?"

"ನಿನ್ನೆ ನಾನು ಮಾತೇ ಆಡಿಲ್ಲ. ಆಡಿದ್ದೆಲ್ಲ ನೀವು. ಮೇಷ್ಟ್ರು ಓಡಿಸಬೇಡಿ ಅಂತ ಬರೆದಿರೋ ರಿಜಿಸ್ಟರ್ ತರಿಸಿ ಸರ್."

"ಅದು ಸಿಗ್ತಾ ಇಲ್ಲ."

ಗೋಡೆಯ ಕಡೆಯಿಂದ ಧ್ವನಿ ಬಂತು. "ನಿಮ್ಮ ಬೀರುನಲ್ಲಿದೆ ಸರ್. ಹುಡುಗಿ ಬಿದ್ದ ಸಾಯಂಕಾಲಾನೇ ತಗೊಂಬಾ ಅಂದ್ರಿ, ನಾನೇ ತಂದುಕೊಟ್ಟೆ. ಮೇಲಿನ ಅರೇಲಿ ಇಟ್ರಿ." ಅಭಿಲಾಷನ ಮದುವೆಗೆ ಇನ್ನು ಒಂದು ತಿಂಗಳಿತ್ತು. ಅವನಿಗೂ ಈ ಕೆಲಸ ಬೇಕಿತ್ತು.

ಮಂಜುಳಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೀರುವಿನ ಕೀ ಕೊಡಿ ವೃಷಭೇಂದ್ರಪ್ಪನೋರೇ." ಅವರು ಜೇಬು ತಡವಿದರು, ಆ ಜೇಬು ಈ ಜೇಬು. ಮಂಜುಳಮ್ಮ ಕೈ ಚಾಚಿಕೊಂಡೇ ಕೂತರು. ಕೀ ಬರುವ ತನಕ ಆ ಕೈ ಕೆಳಗಿಳಿಯಲಿಲ್ಲ. ರಿಜಿಸ್ಟರ್ ಮೇಲಿನ ಅರೆಯಲ್ಲೇ ಇತ್ತು. ಗೆರೆ ಎಳೆದ ಸಾಲನ್ನು ಅವರು ಗಟ್ಟಿಯಾಗಿ ಓದಿದರು.

"ನೀನು ಹೇಳಿದ್ದನ್ನೆಲ್ಲ ಬರೆದುಕೊಡ್ತೀಯೇನಮ್ಮ?" ಎಂದು ಕೇಳಿದರು. "ಕಟ್ಟಿದ್ದು ನೀನು ಅಂತ ಬರೆದ್ರೆ ನಿನಗೂ ಶಿಕ್ಷೆ ಇದೆ. ತಿಳ್ಕೊಂಡು ಬರಿ."

ತೇಜಸ್ವಿನಿ ಬರೆದಳು. 'ಸಿಂಚನಳ ಕಾಲಿಗೆ ಟೇಪು ಕಟ್ಟಿದ್ದು ನಾನು. ಓಡಿಸಬಾರದೆಂದು ಮೇಷ್ಟ್ರು ಬರೆದಿದ್ದು ನನಗೆ ಗೊತ್ತಿತ್ತು. ಅವರು ಒಪ್ಪಿದ್ದಾರೆಂದು ನಿರ್ದೇಶಕರು ಸುಳ್ಳು ಹೇಳಿದರು. ಮೇಷ್ಟ್ರ ಬಾಯಿಂದ ಕೇಳದೆ ಕಟ್ಟಿದ್ದು ನನ್ನ ತಪ್ಪು. ಆ ಹುಡುಗಿಗೆ ನಿರ್ದೇಶಕರೂ ನಾನೂ ಉತ್ತರ ಕೊಡಬೇಕು.' ಕೊನೆಯಲ್ಲಿ 'ತೇ' ಎಂದು ಬರೆದು ಪೆನ್ನು ಇಟ್ಟಳು. ಮೇಲಿನ ಸಾಲಿಗೆ ಒತ್ತಿಕೊಂಡೇ ಬರೆದಿದ್ದಳು, ಬೇಕೆಂದೇ, ಮಧ್ಯೆ ಇನ್ನಾರೂ ತೂರದ ಹಾಗೆ.

ಮೇಷ್ಟ್ರು ಎದ್ದು ಬಂದು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಪೆನ್ನಿಗೆ ಕೈ ಹಾಕಿದರು.

"ಬೇಡ ಮೇಷ್ಟ್ರೇ," ಅವಳು ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇದು ನನ್ನೊಬ್ಬಳದೇ ಇರ್ಲಿ."

"ಒಬ್ಬಳೇ ಬರಿ ಅಂತ ನಾನಿನ್ನೂ ಹೇಳಿಲ್ವಲ್ಲಮ್ಮ," ಅಂದರು ಮೇಷ್ಟ್ರು. ಪೆನ್ನನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡು, ಉಳಿದಿದ್ದ ಅಷ್ಟೇ ಅಷ್ಟು ಸಂದಿಯಲ್ಲಿ, ತೇ ಮೇಲೆ ನಂ ಎಂದು ಬರೆದರು.