ಮದುವೆ ಇಲ್ಲದ ಮನೆಯ ಈರುಳ್ಳಿ

ಎಪ್ಪತ್ತನಾಲ್ಕನೇ ಇಸವಿಯ ಆ ಫೆಬ್ರವರಿಯಲ್ಲಿ ಟ್ಯಾಕ್ಸಿಯವರು ಮುಷ್ಕರ ಹೂಡಿದಾಗ ಆದಿಸ್ ಅಬಾಬಾದಲ್ಲಿ ಊರಿಗೆ ಊರೇ ನಡೆಯತೊಡಗಿತು. ನಾನು ಪಿಯಾಸಾ ಪೇಟೆಯ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ನಮ್ಮ ಗುಲೆಲೆ ಬಡಾವಣೆಯ ಇಳಿಜಾರು ಇಳಿಯುವಾಗ ನನ್ನ ಪಕ್ಕದಲ್ಲಿ ಹಿರುತ್, ಅವಳ ಪಕ್ಕದಲ್ಲಿ ತಡೆಲೆ. ಮನೆಮನೆಯ ಒಲೆಯಿಂದ ನೀಲಗಿರಿ ಸೌದೆಯ ಹೊಗೆ ಏಳುತ್ತಿತ್ತು. ಗುಮಾಸ್ತರು, ಪಾದ್ರಿಗಳು, ಕತ್ತೆ ಹೊಡೆಯುವವರು, ಕೋಟು ತೊಟ್ಟ ಬ್ಯಾಂಕಿನವರು, ಎಲ್ಲರೂ ಒಂದೇ ರಸ್ತೆಯಲ್ಲಿ. ಗುರುತಿಲ್ಲದವರೂ ಮಾತಿಗೆ ನಿಲ್ಲುತ್ತಿದ್ದರು. "ಇವತ್ತು ಯಾರ ಮುಷ್ಕರ?" ಎನ್ನುವುದೇ ಆಗಿನ ನಮಸ್ಕಾರ.

"ಪಾದ್ರಿಗಳೂ ಮುಷ್ಕರ ಮಾಡ್ತಾರಂತೆ ಕಣೇ ಯೆಶಿ" ಎಂದಳು ಹಿರುತ್ ಒಂದು ದಿನ.

"ಹಂಗಾದ್ರೆ ಸಾಯೋರು ಸ್ವಲ್ಪ ತಡೀಬೇಕಾಗತ್ತೆ" ಎಂದ ತಡೆಲೆ. ನಾವು ರಸ್ತೆಯಲ್ಲೇ ನಿಂತು ನಕ್ಕೆವು.

ನನಗೀಗ ಎಪ್ಪತ್ತು ದಾಟಿದೆ. ಮಂಡಿ ಹಿಡಿದುಕೊಂಡಿದೆ, ಆ ಇಳಿಜಾರು ನನ್ನಿಂದಾಗದು. ಆದರೂ ಅಂಥ ಬೆಳಗನ್ನು ಜೀವಮಾನದಲ್ಲಿ ಮತ್ತೆ ಕಾಣಲಿಲ್ಲ.

ತಡೆಲೆ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು. ಉದ್ದನೆಯ ಕೈಕಾಲು, ಮೈಮೇಲೆ ಸದಾ ತಾಯಿ ಹೆಣೆದ ಕಂದು ಸ್ವೆಟರು, ಹಾಡಲು ಹೊರಟರೆ ಶ್ರುತಿ ಒಂದು ದಿಕ್ಕು ಅವನೊಂದು ದಿಕ್ಕು. ಹಿರುತ್ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಅವಳ ತಾಯಿ ಅಸ್ಕಲೆ ಅರ್ಧ ಓಣಿಗೆ ದೋಸೆಯಂಥ ಹುಳಿ ಇಂಜೆರಾ ಹುಯ್ದು ಮಾರುವವಳು. ತಡೆಲೆಯ ತಾಯಿ ಬಿರ್ಕೆ ಗೋಡೆಯಾಚೆಯ ಮನೆಯವಳು. ಇಬ್ಬರೂ ವಿಧವೆಯರು. ಒಂದು ಮನೆಯಲ್ಲಿ ಕಾಫಿ ಬೀಜ ಹುರಿದರೆ ಇನ್ನೊಂದು ಮನೆಯವಳು ಕರೆಯದೆಯೇ ಬಂದು ಕೂರುತ್ತಿದ್ದಳು. ಮಕ್ಕಳಿಬ್ಬರೂ ಎರಡೂ ಅಡಿಗೆಮನೆಗಳಲ್ಲಿ ತಿಂದು ಬೆಳೆದವರು.

ಸೆಪ್ಟೆಂಬರಿನಲ್ಲಿ, ಬೆಟ್ಟದ ತುಂಬ ಹಳದಿ ಹೂ ಅರಳಿದ್ದಾಗ, ಮುದುಕ ಚಕ್ರವರ್ತಿಯನ್ನು ಸೈನಿಕರು ಪುಟ್ಟ ಕಾರಿನಲ್ಲಿ ಕೂರಿಸಿ ಕರೆದೊಯ್ದರು. ನಾವು ಟ್ಯಾಂಕುಗಳ ಮೇಲಿದ್ದ ಹುಡುಗರಿಗೆ ಕಿತ್ತಳೆ ಎಸೆದೆವು. ಒಂದು ಹನಿ ರಕ್ತ ಚೆಲ್ಲದೆ ಎಂದು ಊರೆಲ್ಲ ಕೂಗುತ್ತಿತ್ತು.

"ಫ್ರಾನ್ಸಿನೋರು ನಮ್ಮ ಹತ್ರ ಬಂದು ಪಾಠ ಹೇಳಿಸ್ಕೋಬೇಕು!" ಎಂದು ತಡೆಲೆ ನನ್ನ ಕೈ ಹಿಡಿದು ಕುಣಿಸಿದ. ನಿಜ ಹೇಳಬೇಕೆಂದರೆ ಆ ಕೈಯ ಬಿಸಿಗೆ ನಾನು ಇನ್ನೆರಡು ಸಿಂಹಾಸನ ಉರುಳಿಸಲೂ ಸಿದ್ಧಳಿದ್ದೆ.

ನವೆಂಬರಿನಲ್ಲಿ ಸೈನಿಕರು ಹಳೆಯ ಮಂತ್ರಿಗಳನ್ನೂ ದಳಪತಿಗಳನ್ನೂ ಒಟ್ಟಿಗೆ ನಿಲ್ಲಿಸಿ ಗುಂಡಿಕ್ಕಿದರು. ಸುದ್ದಿ ರೇಡಿಯೋದಲ್ಲಿ ಬಂದಾಗ ನಾವು ಬಿರ್ಕೆಯ ಮನೆಯಲ್ಲಿ ಕಾಫಿಗೆ ಕೂತಿದ್ದೆವು.

"ವಿಚಾರಣೆ ಯಾವಾಗ ಆಯ್ತು?" ಎಂದಳು ಹಿರುತ್.

"ವೊಲ್ಲೊ ಸೀಮೆಯಲ್ಲಿ ಇವರು ಮುಚ್ಚಿಟ್ಟ ಬರಗಾಲಕ್ಕೆ ಜನ ಹುಳದ ಹಾಗೆ ಸತ್ರಲ್ಲ, ಅವರಿಗೆ ವಿಚಾರಣೆ ಆಗಿತ್ತಾ?" ಎಂದ ತಡೆಲೆ.

ನಾವೆಲ್ಲ ತಲೆದೂಗಿದೆವು. ಸ್ವಲ್ಪ ಹೊತ್ತಿನ ಮೇಲೆ ಹಿರುತ್ ಕೂಡ.

ಮುಂದಿನ ವರ್ಷ ಸರ್ಕಾರದ ಆಜ್ಞೆಯಿಂದ ಬಾಡಿಗೆ ಮನೆಗಳೆಲ್ಲ ಜನರ ಪಾಲಾದವು. ನಮ್ಮ ಓಣಿಯ ಮನೆಗಳು ಅಲ್ತಾಶ್ ಎಂಬ ಮುದುಕಿಯವು. ಅವಳಿಗೆ ಒಂದು ಕೋಣೆ, ಮುಂದಿನ ಅಂಗಳ ಉಳಿಯಿತು. ಅವಳ ನಡುಮನೆ ಓಣಿಯ ಸಮಿತಿಯ, ಅಂದರೆ ಕೆಬೆಲೆಯ, ಕಚೇರಿಯಾಯಿತು. ಸತ್ತವರ ಮನೆಯ ಮುಂದೆ ಹಾಕುವ ಡೇರೆಯನ್ನೇ ಹಾಕಿ ಚುನಾವಣೆ ನಡೆಸಿದೆವು. ಮಣ್ಣಿನ ಖರ್ಚಿಗೆ ನೆರವಾಗುವ ಸಾವಿನ ಸಂಘ ಪ್ರತಿ ಓಣಿಗೂ ಇತ್ತು, ಡೇರೆ ಅದರದು, ಬೇರೆ ಡೇರೆ ಎಲ್ಲಿಂದ ತರುವುದು? ತಡೆಲೆ ಅಧ್ಯಕ್ಷನಾಗಲಿ ಎಂದು ಎಲ್ಲರೂ ಕೈ ಎತ್ತಿದೆವು. ಅಲ್ತಾಶಳೂ ಎತ್ತಿದಳು.

"ಚಿಕ್ಕೋನಿದ್ದಾಗ ನನ್ನ ಗಿಡದ ಪೀಚ್ ಹಣ್ಣು ಕದೀತಿದ್ದ. ಈಗ ಮನೇನೇ ಹೊಡೆದ. ಬೆಳೆದಿದ್ದಾನೆ ಬಿಡಿ!" ಎಂದಳು. ಅವಳೇ ಮೊದಲು ನಕ್ಕಳು.

ಅದು ಒಳ್ಳೆಯ ವರ್ಷ. ಓಣಿಗೆ ನಲ್ಲಿ ಬಂತು. ಸಂಜೆಯ ಶಾಲೆಯಲ್ಲಿ ತಡೆಲೆ ಮುದುಕಿಯರಿಗೆ ಅಕ್ಷರ ಕಲಿಸಿದ. ಅಸ್ಕಲೆ ಕಾದ ಹೆಂಚಿನ ಮೇಲೆ ಹಿಟ್ಟನ್ನು ಗೀರಾಗಿ ಹುಯ್ದು ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ಅದನ್ನು ಬೇಯಿಸಿ ಮೇಷ್ಟ್ರಿಗೇ ತಿನ್ನಿಸಿದಳು.

ಸೈನಿಕರು ಮಾತ್ರ ಬ್ಯಾರಕ್ಕಿಗೆ ಮರಳಲಿಲ್ಲ. ಅವರು ತಕ್ಷಣ ಇಳಿಯಬೇಕು, ಜನರ ಸರ್ಕಾರ ಬರಬೇಕು ಎನ್ನುವುದು ಹಿರುತ್ ಕಡೆಯವರ ಮಾತು. ಜನ ಇನ್ನೂ ಕಣ್ಣು ಬಿಡಬೇಕು, ಅಲ್ಲಿಯವರೆಗೆ ಸೈನಿಕರ ಜೊತೆ ನಡೆಯೋಣ ಎನ್ನುವುದು ತಡೆಲೆ ಕಡೆಯವರದು. ಮೊದಲು ಇದು ಕಾಫಿಯ ಮುಂದಿನ ಜಗಳ. ಎರಡನೇ ಲೋಟದಲ್ಲಿ ಬೈದಾಡಿ ಮೂರನೆಯದರಲ್ಲಿ ರಾಜಿ. ಆಮೇಲೆ ಹಿರುತ್ ಕಾಫಿಗೆ ಬರುವುದನ್ನು ಬಿಟ್ಟಳು. ಆಮೇಲೆ ಗೋಡೆಗಳ ಮೇಲೆ ಬರಹ ಬಂತು. ಒಂದು ಬೆಳಿಗ್ಗೆ ಪಕ್ಕದ ಕೆಬೆಲೆಯ ಅಧ್ಯಕ್ಷನನ್ನು, ತಡೆಲೆಯ ಜೊತೆ ಮೇಷ್ಟ್ರಾಗಿದ್ದವನನ್ನು, ಹಿರುತ್ ಪಕ್ಷದ ಹುಡುಗರು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವನ ಹೆಂಡತಿ ತುಂಬು ಬಸುರಿ.

ತಡೆಲೆ ಅವನ ಮಣ್ಣಿಗೆ ಹೋಗಿ ಬಂದ. ಮರುವಾರ ಸರ್ಕಾರ ಕೆಬೆಲೆಗಳಿಗೆ ಬಂದೂಕು ಹಂಚಿದಾಗ ಅವನೂ ಒಂದನ್ನು ಹೆಗಲಿಗೇರಿಸಿದ. ಅಕ್ಷರ ಕಲಿಸಿದ ಕೋಣೆಗೆ ಬೀಗ ಬಿತ್ತು. ಒಳಗೆ ಸೆರೆಸಿಕ್ಕ ಹದಿನೆಂಟರ, ಇಪ್ಪತ್ತರ ಮಕ್ಕಳು. ಶನಿವಾರದ ಸಭೆಗಳಲ್ಲಿ ನಮ್ಮ ನಮ್ಮೊಳಗಿನ ಶತ್ರುವನ್ನು ಬೆರಳು ಮಾಡಿ ತೋರಿಸಬೇಕಿತ್ತು. ನಾವು ನೆಲ ನೋಡುತ್ತ ಕೂರುತ್ತಿದ್ದೆವು. ನೆಲ ನೋಡುವುದೂ ಅಪರಾಧ ಎಂದ ಕಾವಲಿನವನೊಬ್ಬ.

ಹಿರುತ್ ಮನೆ ಬಿಟ್ಟು ಅಡಗಿದಳು. ತಿಂಗಳು ಕಳೆದ ಮೇಲೆ ಅಸ್ಕಲೆ, ಬಿರ್ಕೆ, ನಾನು ಕೆಬೆಲೆ ಕಚೇರಿಗೆ ಹೋದೆವು. ತಡೆಲೆ ಅಲ್ತಾಶಳ ಊಟದ ಮೇಜಿನ ಹಿಂದೆ ಕೂತಿದ್ದ. ಕಣ್ಣುಗಳು ಕೆಂಪಗೆ ಉರಿಯುತ್ತಿದ್ದವು.

"ಅಮ್ಮಾ, ಇಲ್ಲಿಗೆ ಅಮ್ಮ ಅಂತ ಬರಬೇಡ."

"ಮತ್ತೇನಂತ ಬರ್ಲೋ? ಕಾಮ್ರೇಡ್ ಅಂತಲಾ? ನಿನ್ನ ಚಡ್ಡಿ ಒಗೆಯೋದು ಯಾವ ಕಾಮ್ರೇಡು?" ಎಂದಳು ಬಿರ್ಕೆ.

ಅವನು ನಗಲಿಲ್ಲ. ಅಸ್ಕಲೆಯ ಕಡೆ ತಿರುಗಿದ. "ಅವಳಾಗೇ ಬಂದು ಶರಣಾದ್ರೆ ಏನೂ ಆಗಲ್ಲ ಚಿಕ್ಕಮ್ಮ. ಒಂದು ಹೇಳಿಕೆ ಕೊಟ್ಟು ಮನೆಗೆ ಬರಬಹುದು. ನನ್ನ ಮಾತು."

ಅವನು ಸುಳ್ಳು ಹೇಳಿದನೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ತನ್ನ ಮಾತು ನಡೆಯುತ್ತದೆ ಎಂದೇ ಅವನು ನಂಬಿದ್ದ. ಅಸ್ಕಲೆಯೂ ನಂಬಿದಳು. ಮಗಳು ಎಲ್ಲಿದ್ದಾಳೆಂದು ಅವಳಿಗೆ ಮಾತ್ರ ಗೊತ್ತಿತ್ತು. ಹೋಗಿ ಕರೆದುಕೊಂಡು ಬಂದಳು. ಹಿರುತ್ ಬೆಳ್ಳಗೆ ಒಗೆದ ಶಾಲು ಹೊದ್ದು ಬಂದಳು. ನನ್ನ ಬಾಗಿಲು ದಾಟುವಾಗ, "ನಿಮ್ಮ ಬೇಕರಿಯ ಕೆನೆ ಬನ್ನು ಒಂದು ಎತ್ತಿಡೇ, ಸಂಜೆ ಬರ್ತೀನಿ" ಎಂದಳು.

ಅವಳನ್ನೂ ಆ ಬೀಗದ ಕೋಣೆಗೆ ಹಾಕಿದರು; ಎರಡನೇ ದಿನ ಸೈನಿಕರ ದೊಡ್ಡ ಕಚೇರಿಯ ಜೀಪು ಬಂದು ಕೋಣೆಯಲ್ಲಿದ್ದವರನ್ನೆಲ್ಲ ಒಯ್ದಿತು. ತಡೆಲೆ ಜೀಪಿನ ಬಾಗಿಲು ಹಿಡಿದು ಏನೋ ಹೇಳುತ್ತಿದ್ದುದನ್ನು, ಸೈನಿಕನೊಬ್ಬ ಅವನ ಕೈ ಬಿಡಿಸಿದ್ದನ್ನು ಅಲ್ತಾಶ್ ಕಂಡಿದ್ದಳು. ಮರುದಿನ ಸೇತುವೆಯ ಹತ್ತಿರ ರಸ್ತೆಯಂಚಿನಲ್ಲಿ ಅವರೆಲ್ಲ ಮಲಗಿದ್ದರು, ಎದೆಯ ಮೇಲೆ ಅವರ ಅಪರಾಧ ಬರೆದ ರಟ್ಟಿನ ತುಂಡು. ಕ್ರಾಂತಿಯ ಶತ್ರುಗಳಿಗಾಗಿ ಯಾರೂ ಅಳಕೂಡದು, ಡೇರೆ ಹಾಕಕೂಡದು ಎಂದು ಧ್ವನಿವರ್ಧಕ ಕೂಗಿಕೊಂಡು ಹೋಯಿತು.

ಅಸ್ಕಲೆ ಅಳಲಿಲ್ಲ. ಬೆಳಿಗ್ಗೆ ಎಂದಿನಂತೆ ಇಂಜೆರಾ ಹುಯ್ದಳು. ಒಂದೊಂದೂ ಕರಕಲಾಗುತ್ತಿತ್ತು. ಅಲ್ತಾಶ್ ಬಂದು ನೋಡಿ, ಹೆಂಚಿನ ಕೆಳಗಿನ ಸೌದೆ ಹೊರಗೆಳೆದಳು.

"ಏಳು. ನಾಳೆ ಮಧ್ಯಾಹ್ನ ನಮ್ಮನೇಲಿ ಮದುವೆ ಅಡಿಗೆಗೆ ಈರುಳ್ಳಿ ಹೆಚ್ಚೋದಿದೆ. ಓಣಿಯ ಹೆಂಗಸರೆಲ್ಲ ಬರಲಿ."

ಎಲ್ಲರೂ ಬಂದೆವು. ಅಂಗಳದಲ್ಲಿ ಮೂಟೆಗಟ್ಟಲೆ ಕೆಂಪು ಈರುಳ್ಳಿ, ನಡುವೆ ಅಸ್ಕಲೆ. ಬಿರ್ಕೆ ಕೊನೆಯಲ್ಲಿ ಬಂದು, ಬಾಗಿಲಲ್ಲೇ ಕೂತಳು. ಆಚೆಗೂ ಅಲ್ಲ, ಈಚೆಗೂ ಅಲ್ಲ. ಮೊದಲು ಚಾಕುಗಳ ಸದ್ದು ಮಾತ್ರ. ಆಮೇಲೆ ಯಾರೋ ಮೂಗೆಳೆದರು. ಆಮೇಲೆ ತಡೆಯಲಿಲ್ಲ. ಎದೆ ಬಡಿದುಕೊಳ್ಳದೆ, ಹೆಸರು ಹಿಡಿದು ಕೂಗದೆ, ಹೆಚ್ಚುತ್ತ ಹೆಚ್ಚುತ್ತ ಅತ್ತೆವು. ಅಸ್ಕಲೆಯ ಕಣ್ಣೀರು ಮಣೆಯ ಮೇಲೆ ತೊಟ್ಟಿಕ್ಕಿತು.

ಕೆಬೆಲೆಯ ಕಾವಲಿನವರಿಬ್ಬರು ಬಂದೂಕು ಹಿಡಿದು ನುಗ್ಗಿದರು. "ಏನಿದು ಗೋಳು?"

"ಮದುವೆ ಅಡಿಗೆ. ಈರುಳ್ಳಿ ಖಾರ ಕಣಪ್ಪ" ಎಂದಳು ಅಲ್ತಾಶ್.

"ಯಾರ ಮದುವೆ?"

"ನನ್ನದೇ. ಮನೆ ಹೋಯ್ತು, ಬಾಡಿಗೆ ಹೋಯ್ತು. ಗಂಡನಾದ್ರೂ ಒಬ್ಬ ಇರಲಿ ಅಂತ. ನಿನಗೇನಾದ್ರೂ ಮನಸ್ಸಿದೆಯಾ?"

ಅಳುವಿನ ನಡುವೆ ಯಾರೋ ಕಿಸಕ್ಕನೆ ನಕ್ಕರು. ಕಾವಲಿನವರಿಗೂ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಅಷ್ಟರಲ್ಲಿ ಅವರ ಹಿಂದೆ ತಡೆಲೆ ಬಂದು ನಿಂತ.

ಎಲ್ಲರ ಚಾಕುಗಳೂ ನಿಂತವು. ಬಿರ್ಕೆ ಮಗನ ಮುಖ ನೋಡಲಿಲ್ಲ. ಒಂದು ಈರುಳ್ಳಿ, ಒಂದು ಚಾಕು ಅವನತ್ತ ಚಾಚಿದಳು. ಅವನು ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತ. ಸಿಪ್ಪೆ ಸುಲಿದ. ಹೆಚ್ಚಲು ಹೋದರೆ ಹೋಳುಗಳು ದಪ್ಪದಪ್ಪ, ಅಡ್ಡಾದಿಡ್ಡಿಯಾದವು.

"ಸಣ್ಣಗೆ ಹೆಚ್ಚೋ. ಅವಳಿಗೆ ದಪ್ಪ ಹೋಳು ಸೇರ್ತಿರಲಿಲ್ಲ" ಎಂದಳು ಅಸ್ಕಲೆ.

ತಡೆಲೆ ಆ ಒಂದು ಈರುಳ್ಳಿಯನ್ನು ಪೂರ್ತಿ ಹೆಚ್ಚಿದ. ಅವನ ಕಣ್ಣಲ್ಲಿ ಬಂದದ್ದು ಯಾವ ನೀರೆಂದು ನಾನು ಹೇಳಲಾರೆ. ಎದ್ದು ಕಾವಲಿನವರಿಗೆ, "ಮದುವೆ ಮನೆ. ಬಾಗಿಲಲ್ಲಿ ನಿಲ್ಲಿ, ಯಾರನ್ನೂ ಒಳಗೆ ಬಿಡಬೇಡಿ" ಎಂದು ಹೇಳಿ ಹೊರಟುಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ಸೈನಿಕರಿಗೆ ಅವನ ಪಕ್ಷವೂ ಬೇಡವಾಗಿತ್ತು. ಅದೇ ಜೀಪು ಬಂದು, ಅದೇ ಮೇಜಿನ ಹಿಂದಿನಿಂದ ಅವನನ್ನು ಎಬ್ಬಿಸಿಕೊಂಡು ಹೋಯಿತು. ರಸ್ತೆಯಂಚಿನಲ್ಲೂ ಅವನು ಸಿಗಲಿಲ್ಲ.

ಅಂದಿನವರೆಗೆ ಅಸ್ಕಲೆ ಬಿರ್ಕೆಯ ಹೊಸಿಲು ತುಳಿದಿರಲಿಲ್ಲ. ಅಂದು ಮಧ್ಯಾಹ್ನ ಒಂದು ತಟ್ಟೆ ಇಂಜೆರಾ, ಕಡಲೆಹಿಟ್ಟಿನ ಸಾರು ಹಿಡಿದು ಹೋದಳು. ನಾನು ಅಲ್ಲೇ ಇದ್ದೆ.

"ನಿನ್ನ ಮುಂದೆ ಅಳೋಕೆ ನನಗೆ ಯಾವ ಮುಖ ಇದೆ ಅಸ್ಕಲೆ?" ಎಂದಳು ಬಿರ್ಕೆ.

"ಅಳಬೇಡ. ಅವನು ಸತ್ತಿದ್ದಾನೆ ಅಂತ ಯಾರು ಹೇಳಿದ್ರು? ತಿನ್ನು." ತುತ್ತು ಮುರಿದು ಅವಳೇ ಬಾಯಿಗಿಟ್ಟಳು.

ಹದಿನಾಲ್ಕು ವರ್ಷದ ಮೇಲೆ ಆ ಸರ್ಕಾರವೂ ಬಿತ್ತು. ಊರಾಚೆ ಹೆಣ ಹೂತಿದ್ದ ಗುಂಡಿಗಳನ್ನು ಅಗೆದು ತೆಗೆದ ಬಟ್ಟೆ, ಚಪ್ಪಲಿಗಳನ್ನು ಸಾಲಾಗಿ ಹರಡಿದ್ದಾರೆ, ಮನೆಯವರು ಬಂದು ಗುರುತಿಸಬಹುದು ಎಂದು ಸುದ್ದಿ ಬಂತು. ಬಿರ್ಕೆಗೆ ಆಗ ಕಣ್ಣು ಮಂದ. ಅಸ್ಕಲೆ ಅವಳ ಕೈ ಹಿಡಿದು ಸಾಲುಸಾಲಾಗಿ ನಡೆಸಿದಳು, ನಾನು ಹಿಂದೆ. ಪ್ರತಿಯೊಂದು ಅಂಗಿಯ ಮುಂದೆಯೂ ಬಗ್ಗಿ ಬಣ್ಣ ಹೇಳಿದಳು, ಅಂಗಿಯ ಗುಂಡಿ ಎಂಥದೆಂದು ಹೇಳಿದಳು. ಬಿರ್ಕೆ ಅಲ್ಲ, ಅಲ್ಲ ಎಂದು ತಲೆಯಾಡಿಸಿದಳು. ಒಂದು ಕಂದು ಸ್ವೆಟರಿನ ಮುಂದೆ ಅಸ್ಕಲೆ ಕೊಂಚ ತಡೆದಂತೆ ನನಗೆ ಕಂಡಿತು. "ಇದು ಯಾರೋ ಕುಳ್ಳಂದು" ಎಂದು ಮುಂದೆ ನಡೆಸಿದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಗುಲೆಲೆ ಬರುವಷ್ಟರಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಕೊನೆಯ ನಿಲ್ದಾಣದವರೆಗೂ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬಂದೆವು.